ಸೇಂಟ್ ಪ್ಯಾಂಕ್ರಸ್‌ನ ಕೌನ್ಸಿಲರ್ ಕೃಷ್ಣ ಮೆನನ್: ವಲಸೆ ಬಂದ ವಕೀಲನಿಗೆ ವಾರ್ಡಿನ ಬಾಗಿಲು ತೆರೆದಿದ್ದು ಹೇಗೆ?

ವಿ.ಕೆ. ಕೃಷ್ಣ ಮೆನನ್ ಹೆಸರು ಹೇಳಿದರೆ ನಮ್ಮಲ್ಲಿ ಎರಡು ಮಾತು ಬರುತ್ತವೆ. ಒಂದು, 1957ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ವಿಷಯಕ್ಕೆ ನಿಂತು ಸುಮಾರು ಎಂಟು ಗಂಟೆ ಮಾತಾಡಿದ್ದು. ಇನ್ನೊಂದು, 1962ರಲ್ಲಿ ಚೀನಾ ಎದುರು ಸೋತ ಮೇಲೆ ರಕ್ಷಣಾ ಮಂತ್ರಿ ಕುರ್ಚಿ ಬಿಟ್ಟಿದ್ದು. ಹೊಗಳುವವರು ಮೊದಲನೆಯದನ್ನು ಹಿಡಿದುಕೊಳ್ಳುತ್ತಾರೆ, ಬೈಯುವವರು ಎರಡನೆಯದನ್ನು. ಅದಕ್ಕೂ ಮುಂಚೆ ಆ ಮನುಷ್ಯ ಏನು ಮಾಡುತ್ತಿದ್ದರು ಅಂತ ಕೇಳುವವರು ಕಡಿಮೆ.

ಅವರು ಲಂಡನ್ನಿನಲ್ಲಿ ಕೌನ್ಸಿಲರ್ ಆಗಿದ್ದರು. 1934ರಿಂದ 1947ರವರೆಗೆ, ಸೇಂಟ್ ಪ್ಯಾಂಕ್ರಸ್ ಅನ್ನೋ ಬರೋದಲ್ಲಿ. ಬರೋ ಅಂದರೆ ಲಂಡನ್ ಒಳಗೇ ಒಂದೊಂದು ನಗರಸಭೆ ಇದ್ದ ಹಾಗೆ. ಕಸ ಎತ್ತುವುದು, ಬೀದಿ ದೀಪ, ಒಳ ರಸ್ತೆ, ಸಾರ್ವಜನಿಕ ಸ್ನಾನದ ಮನೆ, ಬಟ್ಟೆ ಒಗೆಯುವ ಕಟ್ಟೆ, ಗ್ರಂಥಾಲಯ. ಶಾಲೆಗಳು ಮಾತ್ರ ಬರೋ ಕೈಯಲ್ಲಿ ಇರಲಿಲ್ಲ, ಅವು ಇಡೀ ನಗರದ ಲಂಡನ್ ಕೌಂಟಿ ಕೌನ್ಸಿಲ್ ಕೈಯಲ್ಲಿದ್ದವು. ಮಲಬಾರಿನಿಂದ ಹೋದ ಒಬ್ಬ ವಕೀಲ ಇಂಥ ಸಭೆಯಲ್ಲಿ 13 ವರ್ಷ ಕೂತಿದ್ದ. ಅದೂ ಅವನ ದೇಶವನ್ನು ಆಳುತ್ತಿದ್ದ ಸಾಮ್ರಾಜ್ಯದ ರಾಜಧಾನಿಯಲ್ಲಿ, ಆ ಆಳ್ವಿಕೆ ಹೋಗಲಿ ಅಂತ ಅದೇ ಊರಿನಲ್ಲಿ ಹಗಲೂ ರಾತ್ರಿ ಕೂಗುತ್ತಲೇ.

ಈ ಹಳೆಯ ಕಥೆಯನ್ನು ಈಗ ತೆಗೆಯುವುದಕ್ಕೆ ಕಾರಣ ಇದೆ. ಬ್ರಿಟನ್ನಿನಲ್ಲಿ ವಲಸೆ ಬಂದವರಿಗೆ ಕಾಯಂ ಆಗಿ ನೆಲೆಸುವ ಅನುಮತಿ ಯಾವಾಗ ಕೊಡಬೇಕು ಅನ್ನುವುದರ ಮೇಲೆ ದೊಡ್ಡ ಜಗಳ ಎದ್ದಿದೆ. ಅಲ್ಲಿರುವ ನಮ್ಮವರು ಇದನ್ನು ಐಎಲ್ಆರ್ ಅಂತಾರೆ. ಹೆಚ್ಚಿನ ಕೆಲಸದ ವೀಸಾಗಳಿಗೆ ಇದು 5 ವರ್ಷಕ್ಕೆ ಸಿಗುತ್ತಿತ್ತು. 2025ರ ಮೇ ತಿಂಗಳಲ್ಲಿ ಲೇಬರ್ ಸರ್ಕಾರವೇ ಇದನ್ನು 10 ವರ್ಷ ಮಾಡುತ್ತೇವೆ ಅಂತ ಪ್ರಸ್ತಾಪ ಇಟ್ಟಿತು. ಅದೇ ವರ್ಷ ಕೊನೆಗೆ ಬಂದ ವಿವರದಲ್ಲಿ, ಜಾಸ್ತಿ ಸಂಬಳದವರಿಗೆ ಕಡಿಮೆ ವರ್ಷ, ಮುದುಕರನ್ನು ನೋಡಿಕೊಳ್ಳುವ ಕೇರ್ ವರ್ಕರ್‌ಗಳಂಥವರಿಗೆ 15 ವರ್ಷ ಅನ್ನುವ ಲೆಕ್ಕ ಇತ್ತು. ರಿಫಾರ್ಮ್ ಯುಕೆ ಪಕ್ಷ ಇನ್ನೂ ಮುಂದೆ ಹೋಗಿ, ತಾನು ಬಂದರೆ ಐಎಲ್ಆರ್ ಅನ್ನೋದನ್ನೇ ತೆಗೆದುಹಾಕುತ್ತೇನೆ ಅಂದಿತು.

ಎಲ್ಲರೂ ಇದನ್ನು ಕೆಲಸ, ಮನೆ ಸಾಲ, ಮಕ್ಕಳ ಕಾಲೇಜು ಫೀಸು ಅನ್ನುವ ಲೆಕ್ಕದಲ್ಲಿ ನೋಡುತ್ತಿದ್ದಾರೆ. ನೋಡಬೇಕಾದದ್ದೇ. ಆದರೆ ಇದರೊಳಗೆ ಇನ್ನೊಂದು ವಿಷಯ ಸದ್ದಿಲ್ಲದೆ ಕೂತಿದೆ. ಬ್ರಿಟನ್ನಿನಲ್ಲಿ ವಾರ್ಡಿನ ಚುನಾವಣೆಗೆ ಯಾರು ನಿಲ್ಲಬಹುದು ಅನ್ನುವ ಕಾನೂನಿಗೂ ಐಎಲ್ಆರ್‌ಗೂ ನೇರ ಗಂಟು ಇದೆ. ಆ ಗಂಟು ಬಿಡಿಸಿ ನೋಡುವುದಕ್ಕೆ ಮೆನನ್ ಅವರ ಕಥೆಗಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಮೆನನ್ ಇಂಗ್ಲೆಂಡಿಗೆ ಹೋಗಿದ್ದು 1924ರಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಲಾ ಕಾಲೇಜು, ಅಲ್ಲಿಂದ ಆನಿ ಬೆಸೆಂಟ್ ಅವರ ಬಳಗ. ಅವರ ನೆರವಿನಿಂದಲೇ ಹಡಗು ಹತ್ತಿದ್ದು. ಸ್ವಲ್ಪ ದಿನ ಇದ್ದು ಬರೋಣ ಅಂತ ಹೋದವರು 28 ವರ್ಷ ಉಳಿದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹೆರಾಲ್ಡ್ ಲಾಸ್ಕಿ ಅವರ ಶಿಷ್ಯರಾದರು. ಓದು ಒಂದಕ್ಕೆ ನಿಲ್ಲಲಿಲ್ಲ, ಡಿಗ್ರಿ ಮೇಲೆ ಡಿಗ್ರಿ. 1934ರಲ್ಲಿ ಲಂಡನ್ನಿನ ವಕೀಲರ ಸಂಘ ಮಿಡಲ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದರು. ಅದೇ ವರ್ಷ ಕೌನ್ಸಿಲರ್ ಕೂಡ ಆದರು. ಆಗ ಅವರಿಗೆ ವಯಸ್ಸು ನಲವತ್ತರ ಹತ್ತಿರ.

ಬ್ಯಾರಿಸ್ಟರ್ ಅಂದರೆ ನಮ್ಮ ಕಣ್ಣಿಗೆ ಬರುವ ಚಿತ್ರವೇ ಬೇರೆ. ಆ ಕಾಲದಲ್ಲಿ ಊರಿಗೆ ಬ್ಯಾರಿಸ್ಟರ್ ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಮೆನನ್ ಬದುಕು ಹಾಗಿರಲಿಲ್ಲ. ಕ್ಯಾಮ್ಡೆನ್ ಟೌನ್ ಕಡೆ ಬಾಡಿಗೆ ರೂಮು, ದಿನಕ್ಕೆ ಲೆಕ್ಕವಿಲ್ಲದಷ್ಟು ಟೀ, ಜತೆಗೆ ಟೋಸ್ಟು ಬಿಸ್ಕತ್ತು. ವಕೀಲಿಕೆಯಿಂದ ದುಡ್ಡು ಬರಲಿಲ್ಲ, ಯಾಕೆಂದರೆ ಬರುತ್ತಿದ್ದ ಕಕ್ಷಿದಾರರಲ್ಲಿ ಬಡ ಭಾರತೀಯರೇ ಜಾಸ್ತಿ. ಪಂಜಾಬಿನ ಹಿಂದಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಅವರಿಗೆ ಗುಂಡು ಹೊಡೆದ ಉಧಮ್ ಸಿಂಗ್ ಮೇಲೆ 1940ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ ಕೊಲೆ ಮೊಕದ್ದಮೆ ನಡೆದಾಗ ಅವರ ಪರ ನಿಂತ ವಕೀಲರಲ್ಲಿ ಮೆನನ್ ಒಬ್ಬರು. ಇಡೀ ಬ್ರಿಟನ್ ಕೋಪದಲ್ಲಿ ಉರಿಯುತ್ತಿದ್ದ ಕೇಸು ಅದು. ಕೈಯಲ್ಲಿ ಮತದಾರರಿರುವ ಒಬ್ಬ ಕೌನ್ಸಿಲರ್, ಯುದ್ಧದ ನಡುವೆ, ಅಂಥ ಕೇಸಿನಲ್ಲಿ ನಿಂತ. ಇದನ್ನು ಸುಮ್ನೆ ಒಂದು ಸಾಲಿನಲ್ಲಿ ದಾಟಿ ಹೋಗಬಾರದು ಅನಿಸುತ್ತದೆ.

ಹೊಟ್ಟೆಪಾಡಿಗೆ ಪುಸ್ತಕದ ಕೆಲಸ ಮಾಡಿದರು. 1937ರಲ್ಲಿ ಶುರುವಾದ ಪೆಲಿಕನ್ ಪುಸ್ತಕಮಾಲೆಯ ಮೊದಲ ಸಂಪಾದಕರಲ್ಲಿ ಅವರೂ ಇದ್ದರು. ಗಂಭೀರ ವಿಷಯದ ಪುಸ್ತಕವನ್ನು ಕೂಲಿ ಮಾಡುವವನೂ ಕೊಳ್ಳುವ ಬೆಲೆಗೆ ಕೊಡಬೇಕು ಅನ್ನುವ ಯೋಜನೆ ಅದು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇದೆಲ್ಲದರ ಜತೆ ಇಂಡಿಯಾ ಲೀಗ್ ಅನ್ನುವ ಸಂಘಟನೆಯ ಕಾರ್ಯದರ್ಶಿ. ಬ್ರಿಟಿಷ್ ಸಂಸದರನ್ನು, ಕಾರ್ಮಿಕ ಸಂಘಗಳನ್ನು, ಚರ್ಚಿನವರನ್ನು ಹಿಡಿದು ಭಾರತದ ಸ್ವಾತಂತ್ರ್ಯದ ಪರ ಮಾತಾಡಿಸುವ ಕೆಲಸ. ಬ್ರಿಟಿಷ್ ಗುಪ್ತಚರ ಸಂಸ್ಥೆ ಎಂಐ5 ಅವರ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟು ಕಡತ ಬೆಳೆಸಿತ್ತು.

ಇಷ್ಟೆಲ್ಲಾ ಇದ್ದವರಿಗೆ ಬರೋ ಕೌನ್ಸಿಲ್ ಯಾಕೆ ಬೇಕಿತ್ತು? ಸಂಬಳ ಇಲ್ಲ. ಹೆಸರೂ ಬರಲ್ಲ.

ನನಗೆ ಕಾಣುವ ಉತ್ತರ ಅವರು ಹಿಡಿದ ಕೆಲಸದಲ್ಲೇ ಇದೆ. ಅವರು ಶಿಕ್ಷಣ ಮತ್ತು ಗ್ರಂಥಾಲಯ ಸಮಿತಿಯ ಅಧ್ಯಕ್ಷರಾದರು. ಬರೋದಲ್ಲಿ ಗ್ರಂಥಾಲಯಗಳನ್ನು ಬೆಳೆಸಿದರು, ಮಕ್ಕಳಿಗೆ ಅಂತಲೇ ಜಾಗ ಮಾಡಿಸಿದರು, ಗ್ರಂಥಾಲಯಕ್ಕೆ ಬರಲಾಗದವರ ಬೀದಿಗೇ ಪುಸ್ತಕದ ಗಾಡಿ ಕಳಿಸುವ ವ್ಯವಸ್ಥೆ ತಂದರು. ಪೆಲಿಕನ್‌ನಲ್ಲಿ ಯಾವ ಓದುಗನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ ಆ ಓದುಗ ಸೇಂಟ್ ಪ್ಯಾಂಕ್ರಸ್‌ನಲ್ಲೇ ವಾಸ ಮಾಡುತ್ತಿದ್ದ. ಕಿಂಗ್ಸ್ ಕ್ರಾಸ್, ಯೂಸ್ಟನ್, ಸೇಂಟ್ ಪ್ಯಾಂಕ್ರಸ್, ಮೂರು ದೊಡ್ಡ ರೈಲು ನಿಲ್ದಾಣಗಳ ಹಿಂದೆ ಮುಂದೆ ಹಬ್ಬಿದ ಇಕ್ಕಟ್ಟಿನ ಬೀದಿಗಳು, ರೈಲ್ವೆ ಕೂಲಿಗಳು, ಐರಿಷ್ ಮನೆಗಳು, ಒಂದು ರೂಮಿನಲ್ಲಿ ಒಂದು ಸಂಸಾರ. ಯುದ್ಧ ಬಂದಾಗ ಅದೇ ಬೀದಿಗಳಲ್ಲಿ ಅವರು ವಾಯುದಾಳಿ ವಾರ್ಡನ್ ಆಗಿ ರಾತ್ರಿ ತಿರುಗಿದರು. ಬಾಂಬು ಬೀಳುವಾಗ ಜನರನ್ನು ಆಶ್ರಯಕ್ಕೆ ಕಳಿಸುವುದು, ಕಿಟಕಿಯಿಂದ ಬೆಳಕು ಹೊರಗೆ ಕಾಣದ ಹಾಗೆ ನೋಡಿಕೊಳ್ಳುವುದು. ಬಾಗಿಲು ತೆಗೆದವರಿಗೆ ಆ ಹೊತ್ತಲ್ಲಿ ಎದುರಿಗಿರುವವನು ಎಲ್ಲಿ ಹುಟ್ಟಿದವನು ಅನ್ನುವುದು ಎಷ್ಟು ಮುಖ್ಯವಾಗಿತ್ತೋ!

ಇಂಥ ದಾರಿ ಹಿಡಿದ ಮೊದಲ ವಲಸೆ ವಕೀಲ ಮೆನನ್ ಅಲ್ಲ. ಟ್ರಿನಿಡಾಡ್‌ನಿಂದ ಬಂದ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್ ಅನ್ನುವವರು 1900ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ಯಾನ್ ಆಫ್ರಿಕನ್ ಸಮ್ಮೇಳನ ಸೇರಿಸಿದವರು. ಅವರೂ ಬ್ಯಾರಿಸ್ಟರ್. 1906ರಲ್ಲಿ ಮೇರಿಲಬೋನ್ ಬರೋಗೆ ಕೌನ್ಸಿಲರ್ ಆಗಿ ಗೆದ್ದರು. ಎರಡು ವರ್ಷ ಕಳೆದು ಟ್ರಿನಿಡಾಡ್‌ಗೆ ವಾಪಸು ಹೋದರು, 1911ರಲ್ಲಿ ತೀರಿಕೊಂಡರು.

ವಕೀಲರೇ ಯಾಕೆ ಈ ದಾರಿಗೆ ಬರುತ್ತಾರೆ? ವಲಸೆ ಬಂದವರ ಮೊದಲ ತೊಂದರೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಮನೆ ಮಾಲೀಕ ಖಾಲಿ ಮಾಡು ಅಂತ ನೋಟಿಸ್ ಕೊಟ್ಟಿರುತ್ತಾನೆ. ಕೂಲಿ ಕೊಡದೆ ಮಾಲೀಕ ಕೈ ಎತ್ತಿರುತ್ತಾನೆ. ಪೊಲೀಸರು ಕರೆಸಿರುತ್ತಾರೆ. ವೀಸಾ ಪತ್ರದಲ್ಲಿ ಒಂದು ತಾರೀಖು ತಪ್ಪಾಗಿರುತ್ತದೆ. ಎಲ್ಲಾ ಕಾಗದದ ತೊಂದರೆ. ಆ ಕಾಗದ ಓದಿ ಇದರ ಅರ್ಥ ಇಷ್ಟು, ಇಂಥ ದಿನದೊಳಗೆ ಉತ್ತರ ಕೊಡಬೇಕು ಅಂತ ಹೇಳುವವನು ಬೀದಿಗೆ ಒಬ್ಬ ಸಿಕ್ಕರೆ ಸಾಕು, ಜನ ಅವನ ಮನೆ ಹುಡುಕಿಕೊಂಡು ಬರುತ್ತಾರೆ. ಬ್ರಿಟನ್ನಿನಲ್ಲಿ ಕೌನ್ಸಿಲರ್ ಜನರನ್ನು ಕೂತು ಭೇಟಿ ಮಾಡುವ ಹೊತ್ತಿಗೆ 'ಸರ್ಜರಿ' ಅಂತಲೇ ಹೆಸರು, ಡಾಕ್ಟರ ಕ್ಲಿನಿಕ್ಕಿಗೆ ಹೇಳುವ ಅದೇ ಪದ. ಇಂಥ ವಕೀಲ ಕೌನ್ಸಿಲರ್ ಆಗುವ ಮೊದಲೇ ಈ ಕೆಲಸ ಶುರು ಮಾಡಿಬಿಟ್ಟಿರುತ್ತಾನೆ. ಅಲ್ವಾ?

ಆದರೆ ಜನ ಇಷ್ಟಪಟ್ಟರೆ ಸಾಲದು, ಕಾನೂನು ಬಿಡಬೇಕು. 1934ರಲ್ಲಿ ಮೆನನ್ ಅವರನ್ನು ಕಾನೂನು ಯಾಕೆ ಬಿಟ್ಟಿತು ಅನ್ನುವುದು ಸ್ವಾರಸ್ಯದ ವಿಷಯ. ಅವರು ಹುಟ್ಟಿದ್ದು ಮಲಬಾರ್ ಜಿಲ್ಲೆಯಲ್ಲಿ. ಅದು ಮದ್ರಾಸ್ ಪ್ರೆಸಿಡೆನ್ಸಿ, ಅಂದರೆ ನೇರ ಬ್ರಿಟಿಷ್ ಆಳ್ವಿಕೆಯ ನೆಲ. ಅಲ್ಲಿ ಹುಟ್ಟಿದವರೆಲ್ಲ ಕಾನೂನಿನ ಲೆಕ್ಕಕ್ಕೆ 'ಬ್ರಿಟಿಷ್ ಪ್ರಜೆ'. ಲಂಡನ್ನಿನಲ್ಲಿ ಹುಟ್ಟಿದವನಿಗೂ ಅದೇ ಪಟ್ಟ. ಹಾಗಾಗಿ ಭಾರತದಲ್ಲಿ ಸರಿಯಾದ ಮತದಾನದ ಹಕ್ಕೇ ಸಿಗದಿದ್ದ ಕಾಲದಲ್ಲಿ, ಲಂಡನ್ನಿನಲ್ಲಿ ನೆಲೆಸಿದ ಒಬ್ಬ ಭಾರತೀಯ ಅಲ್ಲಿ ಮತ ಹಾಕಬಹುದಿತ್ತು, ಚುನಾವಣೆಗೂ ನಿಲ್ಲಬಹುದಿತ್ತು.

ಈಗ ಇದನ್ನು ನಮ್ಮ ಕಡೆಗೆ ತಿರುಗಿಸಿ ನೋಡಿ. ಮಂಗಳೂರಿನಲ್ಲಿ ಹುಟ್ಟಿದವನು ಮದ್ರಾಸ್ ಪ್ರೆಸಿಡೆನ್ಸಿಯವನು, ಅವನೂ ಬ್ರಿಟಿಷ್ ಪ್ರಜೆ. ಧಾರವಾಡ, ಬೆಳಗಾವಿ, ವಿಜಯಪುರದವನು ಬಾಂಬೆ ಪ್ರೆಸಿಡೆನ್ಸಿಯವನು, ಅವನೂ ಸರಿ. ಆದರೆ ಮೈಸೂರು ಮಹಾರಾಜರ ಸಂಸ್ಥಾನದಲ್ಲಿ ಹುಟ್ಟಿದವನು? ನಿಜಾಮರ ಕಲಬುರಗಿಯವನು? ರಾಯಚೂರಿನವನು? ಅವರು ಬ್ರಿಟಿಷ್ ಪ್ರಜೆ ಅಲ್ಲ. ಸಂಸ್ಥಾನದವರನ್ನು ಕಾನೂನು 'ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ' ಅಂತ ಬೇರೆ ಗುಂಪಿಗೆ ಹಾಕಿತ್ತು. ಅದೇ ಹಡಗು, ಅದೇ ಲಾ ಕಾಲೇಜು, ಅದೇ ಬೀದಿಯಲ್ಲಿ ಬಾಡಿಗೆ ರೂಮು. ಆದರೂ ಮಂಗಳೂರಿನವನಿಗೆ ಇದ್ದ ಹಕ್ಕು ಮೈಸೂರಿನವನಿಗೆ ಇಲ್ಲ. ಮನುಷ್ಯನ ಯೋಗ್ಯತೆಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ವಲಸೆ ರಾಜಕಾರಣಿಯ ಬಗ್ಗೆ ಬರೆಯುವಾಗ ನಾವು ಅವನ ಛಲ, ಅವನ ಕಷ್ಟ, ಅವನ ಪ್ರತಿಭೆ ಅಂತ ಪುಟ ತುಂಬಿಸುತ್ತೇವೆ. ನಾಮಪತ್ರ ತಿರಸ್ಕಾರ ಆದರೆ ಪ್ರತಿಭೆ ತಗೊಂಡು ಏನು ಮಾಡುವುದು?

ಇನ್ನು ಮೆನನ್ ಎಡವಿದ ಜಾಗಕ್ಕೆ ಬರೋಣ. ವಾರ್ಡಿನಲ್ಲಿ ಗೆದ್ದವರಿಗೆ ಸಹಜವಾಗಿಯೇ ಪಾರ್ಲಿಮೆಂಟಿನ ಆಸೆ ಬಂತು. ಸ್ಕಾಟ್ಲೆಂಡಿನ ಡಂಡೀ ಕ್ಷೇತ್ರಕ್ಕೆ ಲೇಬರ್ ಪಕ್ಷದವರು ಅವರನ್ನು ಮುಂದಿನ ಅಭ್ಯರ್ಥಿ ಅಂತ ಆರಿಸಿಕೊಂಡರು. ಡಂಡೀ ಅಂದರೆ ಸೆಣಬಿನ ಗಿರಣಿಗಳ ಊರು, ಬಂಗಾಳದಿಂದ ಸೆಣಬು ಹೋಗುತ್ತಿದ್ದದ್ದೇ ಅಲ್ಲಿಗೆ. ಭಾರತದವನೊಬ್ಬ ಆ ಊರಿನ ಸಂಸದ ಆಗಿದ್ದರೆ ಹೇಗಿರುತ್ತಿತ್ತು! ಆಗಲಿಲ್ಲ. 1940ರಲ್ಲಿ ಪಕ್ಷದ ಮೇಲಿನವರು ಅವರ ಹೆಸರನ್ನು ಕೈಬಿಟ್ಟರು. ಕಮ್ಯುನಿಸ್ಟರ ಜತೆ ಒಡನಾಟ ಅನ್ನುವುದು ಒಂದು ಆಕ್ಷೇಪ. ಇನ್ನೊಂದು ಆಕ್ಷೇಪ ಅವರ ನಿಷ್ಠೆ ಬ್ರಿಟನ್ನಿಗೋ ಭಾರತಕ್ಕೋ ಅನ್ನುವುದು. ಆಮೇಲೆ ಅವರು ಪಕ್ಷ ಬಿಟ್ಟರು, ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಸೇರಿದರು. ಕೌನ್ಸಿಲರ್ ಕೆಲಸ ಮಾತ್ರ ಬಿಡಲಿಲ್ಲ.

ಕಮ್ಯುನಿಸ್ಟರ ಒಡನಾಟದ ಮಾತು ಪೂರ್ತಿ ಕಟ್ಟುಕಥೆ ಅಂತ ನಾನು ಹೇಳುವುದಿಲ್ಲ. ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದವರ ಜತೆ ಅವರಿಗೆ ಓಡಾಟ ಇತ್ತು, ಯುದ್ಧದ ಸಮಯದಲ್ಲಿ ಪಕ್ಷಕ್ಕೆ ಅದು ಅಂಜಿಕೆಯ ವಿಷಯ. ಎರಡನೆಯ ಆಕ್ಷೇಪ ಹಾಗಲ್ಲ. ಭಾರತಕ್ಕೆ ಸ್ವಾತಂತ್ರ್ಯ ಬೇಕು ಅನ್ನುವುದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಗ್ರಂಥಾಲಯದ ಗಾಡಿ ಕಳಿಸುವುದಕ್ಕೂ ಅದಕ್ಕೂ ತಿಕ್ಕಾಟ ಇರಲಿಲ್ಲ. ವಾರ್ಡಿನ ಮಟ್ಟದಲ್ಲಿ ಜನ ಕೇಳುವುದು ನಮ್ಮ ಬೀದಿಗೆ ಏನು ಮಾಡಿದೆ ಅಂತ. ಮೇಲೆ ಮೇಲೆ ಹೋದ ಹಾಗೆ ಪ್ರಶ್ನೆ ಬದಲಾಗುತ್ತದೆ. ನೀನು ಯಾರ ಕಡೆಯವನು?

ಈ ಪ್ರಶ್ನೆ ಬರೀ ಹೊಸ ದೇಶದವರಿಂದ ಬರುವುದಿಲ್ಲ ಅನ್ನುವುದಕ್ಕೆ ಕೆನಡಾದ ಉಜ್ಜಲ್ ದೊಸಾಂಜ್ ಅವರ ಬದುಕು ನೋಡಬೇಕು. ಪಂಜಾಬಿನ ಹಳ್ಳಿಯವರು. 1964ರಲ್ಲಿ ಇಂಗ್ಲೆಂಡಿಗೆ, 1968ರಲ್ಲಿ ಕೆನಡಾಕ್ಕೆ. ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿ ಮಾಡಿದರು, ಕಾನೂನು ಓದಿದರು, ವ್ಯಾಂಕೂವರ್‌ನಲ್ಲಿ ವಕೀಲಿ ಆಫೀಸು ತೆರೆದರು. ಖಲಿಸ್ತಾನಿ ಹಿಂಸೆಯನ್ನು ಬಾಯಿಬಿಟ್ಟು ಖಂಡಿಸಿದ್ದಕ್ಕೆ 1985ರ ಫೆಬ್ರವರಿಯಲ್ಲಿ ಅವರ ಆಫೀಸಿನ ಪಾರ್ಕಿಂಗ್ ಜಾಗದಲ್ಲೇ ಕಬ್ಬಿಣದ ರಾಡಿನಿಂದ ಹೊಡೆದರು. ತಲೆಗೆ ಸುಮಾರು 80 ಹೊಲಿಗೆ ಬಿದ್ದವು, ಕೈ ಮುರಿಯಿತು. ಅಷ್ಟರಲ್ಲಿ ಅವರು ಪ್ರಾಂತ್ಯದ ಚುನಾವಣೆಯಲ್ಲಿ ಎರಡು ಸಲ ಸೋತಿದ್ದರು. 1991ರಲ್ಲಿ ಗೆದ್ದರು, 2000ದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪ್ರೀಮಿಯರ್ ಆದರು, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಮೆನನ್ ಅವರಿಗೆ ಲಂಡನ್ನಿನಲ್ಲಿ ನೀನು ಭಾರತದವನು ಅಂದರು. ದೊಸಾಂಜ್ ಅವರಿಗೆ ಸ್ವಂತ ಸಮುದಾಯದೊಳಗಿನ ಒಂದು ಗುಂಪೇ ನೀನು ನಮ್ಮವನಲ್ಲ ಅಂದಿತು. ವಲಸೆ ಬಂದ ರಾಜಕಾರಣಿ ಹೀಗೆ ಎರಡು ಕಡೆಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಈಗ ಇವತ್ತಿನ ಕಾನೂನು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇಂಗ್ಲೆಂಡಿನಲ್ಲಿ ಇರುವ ಎಷ್ಟೋ ಕನ್ನಡಿಗರಿಗೇ ಇದು ಗೊತ್ತಿರುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸ ಮಾಡುವವರು ಅಲ್ಲಿ ಮತ ಹಾಕಬಹುದು. ವಾರ್ಡಿನ ಚುನಾವಣೆಗೆ ಮಾತ್ರ ಅಲ್ಲ, ಪಾರ್ಲಿಮೆಂಟ್ ಚುನಾವಣೆಗೂ. ಕಾಮನ್‌ವೆಲ್ತ್ ದೇಶದವರು ಅನ್ನುವುದೇ ಇದಕ್ಕೆ ಆಧಾರ. ಹೆಚ್ಚಾಗಿ ಹಿಂದೆ ಬ್ರಿಟನ್ ಆಳಿದ ದೇಶಗಳ ಕೂಟ ಅದು. ವಿದ್ಯಾರ್ಥಿ ವೀಸಾ ಆದರೂ ಸರಿ, ಕೆಲಸದ ವೀಸಾ ಆದರೂ ಸರಿ. ಅದೇ ಫ್ರಾನ್ಸ್‌ನವನಿಗೋ ಜರ್ಮನಿಯವನಿಗೋ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಇಲ್ಲ, ಬ್ರೆಕ್ಸಿಟ್ ಆದ ಮೇಲೆ ಹೊಸದಾಗಿ ಬಂದವರಿಗೆ ಇಂಗ್ಲೆಂಡಿನ ವಾರ್ಡಿನಲ್ಲೂ ಇಲ್ಲ.

ನಿಲ್ಲುವ ವಿಷಯ ಬಂದಾಗ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಕೌನ್ಸಿಲರ್ ಸ್ಥಾನಕ್ಕೆ ನಿಲ್ಲುವ ಕಾಮನ್‌ವೆಲ್ತ್ ಪ್ರಜೆಗೆ ಐಎಲ್ಆರ್ ಇರಬೇಕು, ಇಲ್ಲವೇ ವೀಸಾನೇ ಬೇಡದ ಹಕ್ಕು ಇರಬೇಕು. 2006ರ ಕಾನೂನು ತಂದ ಷರತ್ತು ಇದು. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಾಗಿಲ್ಲ, ಗಮನಿಸಿ. ಭಾರತದಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳಲು ಅವಕಾಶ ಇಲ್ಲ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸಿಲ್ಲದವರಿಗೆ ಈ ಐಎಲ್ಆರ್ ದಾರಿ ದೊಡ್ಡದು. ಬಾಕಿ ಎಲ್ಲಾ ಸುಲಭ. 18 ವರ್ಷ ಆಗಿರಬೇಕು. ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಅಥವಾ ಹಿಂದಿನ 12 ತಿಂಗಳು ಅಲ್ಲೇ ವಾಸವೋ ಕೆಲಸವೋ ಮಾಡಿರಬೇಕು. ನಾಮಪತ್ರಕ್ಕೆ ಇಬ್ಬರು ಮತದಾರರ ಸಹಿ ಸಾಕು. ಠೇವಣಿ ಕಟ್ಟಬೇಕಾಗಿಲ್ಲ.

ಅಂದರೆ 5 ವರ್ಷಕ್ಕೆ ಸಿಗುತ್ತಿದ್ದ ಐಎಲ್ಆರ್ 10 ವರ್ಷಕ್ಕೆ ಹೋದರೆ, ಮತದ ಹಕ್ಕು ಇದ್ದಲ್ಲೇ ಇರುತ್ತದೆ, ನಿಲ್ಲುವ ಹಕ್ಕು 5 ವರ್ಷ ಮುಂದೆ ಹೋಗುತ್ತದೆ. ಕೇರ್ ವರ್ಕರ್‌ಗೆ 15 ವರ್ಷ ಆದರೆ ಇನ್ನೂ ದೂರ. ಐಎಲ್ಆರ್ ತೆಗೆದೇ ಹಾಕಿದರೆ ಪೌರತ್ವ ಒಂದೇ ದಾರಿ. ಚುನಾವಣೆ ಕಾನೂನಿನ ಒಂದಕ್ಷರವನ್ನೂ ಮುಟ್ಟದೆ, ಆ ಬಗ್ಗೆ ಪಾರ್ಲಿಮೆಂಟಿನಲ್ಲಿ ಒಂದು ಚರ್ಚೆಯೂ ಇಲ್ಲದೆ, ವಾರ್ಡಿನ ಅಭ್ಯರ್ಥಿ ಯಾರಾಗಬಹುದು ಅನ್ನುವುದು ಬದಲಾಗಿಬಿಡುತ್ತದೆ. ಅದೂ ಸಂಬಳದ ಪ್ರಕಾರ. ಜಾಸ್ತಿ ದುಡಿಯುವ ಬ್ಯಾಂಕಿನವನು ಬೇಗ ನಿಲ್ಲಬಹುದು, ವಾರ್ಡಿನ ಮುದುಕರನ್ನು ದಿನಾ ಸ್ನಾನ ಮಾಡಿಸಿ ಊಟ ಕೊಡುವವಳು ಹದಿನೈದು ವರ್ಷ ಕಾಯಬೇಕು. ವಾರ್ಡಿನ ಕಷ್ಟ ಇಬ್ಬರಲ್ಲಿ ಯಾರಿಗೆ ಚೆನ್ನಾಗಿ ಗೊತ್ತಿರುತ್ತದೆ ಅಂತ ನೀವೇ ಯೋಚನೆ ಮಾಡಿ. ನನಗಂತೂ ಇದು ತುಂಬಾ ನೋವಿನ ವಿಷಯ.

ಎದುರು ವಾದಗಳೂ ಇವೆ, ಅವನ್ನು ತಳ್ಳಿಹಾಕಬಾರದು. ಭಾರತದಲ್ಲಿ ಬ್ರಿಟಿಷ್ ಪ್ರಜೆಗೆ ಮತದ ಹಕ್ಕು ಇಲ್ಲ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಇಲ್ಲ. ಹಾಗಿರುವಾಗ ನಾವು ಮಾತ್ರ ಯಾಕೆ ಕೊಡಬೇಕು ಅಂತ ಅಲ್ಲಿನವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಇನ್ನೊಂದು, ನಾಳೆ ದೇಶ ಬಿಟ್ಟು ಹೋಗಬಹುದಾದವನು ನಾಲ್ಕು ವರ್ಷದ ಹುದ್ದೆಗೆ ಯಾಕೆ ನಿಲ್ಲಬೇಕು ಅನ್ನುವುದು. ಇದರಲ್ಲೂ ಹುರುಳಿದೆ. ನಡುವೆ ವೀಸಾ ಮುಗಿದರೆ ಮರುಚುನಾವಣೆಯ ಖರ್ಚು ಬರೋ ಮೇಲೆ ಬೀಳುತ್ತದೆ. ಹಾಗಂತ ಹತ್ತು ವರ್ಷದ ಕಾಯುವಿಕೆಗೆ ಇದು ಉತ್ತರ ಆಗುವುದಿಲ್ಲ. ಊರಿನ ನಂಟು ಎಷ್ಟಿದೆ ಅಂತ ನೋಡುವುದಕ್ಕೆ ಕಾನೂನಿನಲ್ಲೇ ಆ 12 ತಿಂಗಳ ಅಳತೆ ಇದೆ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಮನೆ ತೆರಿಗೆ ಕಟ್ಟುವಾಗ ನಿನ್ನ ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಬೇರೆ ದಾರಿ ಹಿಡಿದಿವೆ. ಅಲ್ಲಿ ಕಾಮನ್‌ವೆಲ್ತ್ ಆಗಲಿ ಆಗದಿರಲಿ, ಕಾನೂನುಬದ್ಧವಾಗಿ ವಾಸ ಇರುವ ಬೇರೆ ದೇಶದವರಿಗೂ ಸ್ಥಳೀಯ ಚುನಾವಣೆಯಲ್ಲಿ ಮತ ಕೊಟ್ಟಿದ್ದಾರೆ. ಅದರಿಂದ ಅಲ್ಲಿನ ಊರುಗಳು ಕೆಟ್ಟುಹೋಗಿಲ್ಲ.

ಅಮೆರಿಕದಲ್ಲಿ ಇದು ಇನ್ನೂ ಬಿಗಿ. ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಂಥ ಕೆಲವು ಸಣ್ಣ ಊರುಗಳು 1990ರ ದಶಕದಿಂದ ಪೌರರಲ್ಲದವರಿಗೂ ಊರಿನ ಚುನಾವಣೆಯಲ್ಲಿ ಮತ ಕೊಟ್ಟಿವೆ. ನ್ಯೂಯಾರ್ಕ್ ನಗರ ಇಂಥದ್ದೇ ಕಾನೂನು ಮಾಡಿತ್ತು, 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಆ ನಗರದ ಮೇಯರ್ ಚುನಾವಣೆ ಗೆದ್ದ ಜೊಹ್ರಾನ್ ಮಮ್ದಾನಿ ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ. ಅವರು ವಕೀಲರಲ್ಲ. ಅಮೆರಿಕದ ಪೌರತ್ವ ಅವರಿಗೆ ಸಿಕ್ಕಿದ್ದು 2018ರಲ್ಲಿ. ಆ ಕಾಗದ ಸಿಗುವವರೆಗೆ ಅವರಿಗೂ ಈ ಬಾಗಿಲು ಮುಚ್ಚಿಯೇ ಇತ್ತು.

ಕನ್ನಡಿಗರು ಈ ಬಾಗಿಲನ್ನು ದಾಟಿದ್ದಾರೆ. ಕಲಬುರಗಿಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಬರೋದ ಕೌನ್ಸಿಲರ್ ಆಗಿ, ಆಮೇಲೆ ಮೇಯರ್ ಆದರು. ಅವರು ಡಾಕ್ಟರ್, ವಕೀಲರಲ್ಲ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಬಸವಣ್ಣನವರ ಪ್ರತಿಮೆ ನಿಂತಿರುವುದರ ಹಿಂದೆ ಅವರ ಓಡಾಟ ಇದೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಪ್ರತಿಮೆಯ ಫೋಟೋ ನಾವೆಲ್ಲ ಹಂಚಿಕೊಂಡಿದ್ದೇವೆ. ಲಂಡನ್ನಿನಂಥ ಊರಿನಲ್ಲಿ, ಪಾರ್ಲಿಮೆಂಟ್ ಎದುರಿನ ದಂಡೆಯಲ್ಲಿ ಒಂದು ಪ್ರತಿಮೆಗೆ ಜಾಗ ಸಿಗಬೇಕಾದರೆ ಬರೋದ ಯೋಜನಾ ಅನುಮತಿ ಬೇಕು, ಅದಕ್ಕೆ ವರ್ಷಗಟ್ಟಲೆ ಕಡತ ಹಿಡಿದು ಓಡಾಡಬೇಕು ಅನ್ನುವುದನ್ನು ಮಾತ್ರ ಅಷ್ಟಾಗಿ ಮಾತಾಡಿಲ್ಲ. ಕೌನ್ಸಿಲಿನ ಕೆಲಸ ಗೊತ್ತಿದ್ದವರಿಗೆ ಆ ಕಡತದ ದಾರಿ ಗೊತ್ತಿರುತ್ತದೆ.

ಮೆನನ್ ಕಡೆಗೆ ವಾಪಸು ಬರೋಣ. 1947ರಲ್ಲಿ ಅವರು ಕೌನ್ಸಿಲರ್ ಕೆಲಸ ಬಿಟ್ಟಿದ್ದು ಸ್ವತಂತ್ರ ಭಾರತದ ಮೊದಲ ಹೈಕಮಿಷನರ್ ಆಗುವುದಕ್ಕೆ. ಅದೇ ಲಂಡನ್, ಕೆಲವೇ ಮೈಲಿ ದೂರದ ಇಂಡಿಯಾ ಹೌಸ್, ಅಂದರೆ ಹೈಕಮಿಷನ್ ಕಚೇರಿ. ಆಗ ಎದುರಿಗಿದ್ದ ದೊಡ್ಡ ಪ್ರಶ್ನೆ ಏನೆಂದರೆ, ಭಾರತ ಗಣರಾಜ್ಯ ಆಗಬೇಕು ಅಂತಿದೆ, ಬ್ರಿಟಿಷ್ ರಾಜನನ್ನು ತಲೆಯ ಮೇಲೆ ಇಟ್ಟುಕೊಳ್ಳುವುದಿಲ್ಲ, ಹಾಗಾದರೆ ಕಾಮನ್‌ವೆಲ್ತ್‌ನಲ್ಲಿ ಇರಬಹುದೋ ಇಲ್ಲವೋ. 1949ರ ಏಪ್ರಿಲ್‌ನಲ್ಲಿ ಲಂಡನ್ ಘೋಷಣೆ ಬಂತು. ಗಣರಾಜ್ಯವಾಗಿಯೇ ಭಾರತ ಒಳಗೆ ಇರುತ್ತದೆ, ರಾಜ ಈ ಕೂಟದ ಸಂಕೇತ ಮಾತ್ರ ಅಂತ ಒಪ್ಪಿಕೊಂಡರು. ಈ ಸೂತ್ರದ ಮಾತು ಹುಡುಕುವುದರಲ್ಲಿ ಮೆನನ್ ಅವರ ಕೈ ಇತ್ತು. ಅವತ್ತು ಭಾರತ ಹೊರಗೆ ಹೋಗಿದ್ದರೆ, ಭಾರತದ ಪಾಸ್‌ಪೋರ್ಟಿನವರಿಗೆ ಇವತ್ತು ಬ್ರಿಟನ್ನಿನಲ್ಲಿ ಮತ ಹಾಕುವುದಕ್ಕೆ ಈ ಕಾಮನ್‌ವೆಲ್ತ್ ಆಧಾರ ಇರುತ್ತಿರಲಿಲ್ಲ. ಬ್ರಿಟಿಷ್ ಪ್ರಜೆ ಅನ್ನುವ ಹಳೆಯ ಹಕ್ಕಿನಿಂದ ವಾರ್ಡಿಗೆ ಬಂದ ಮನುಷ್ಯ, ಆ ಹಕ್ಕು ಮುಗಿಯುವ ಹೊತ್ತಿನಲ್ಲಿ ಹೊಸದೊಂದು ಉಳಿಯುವ ಹಾಗೆ ಮಾಡುವುದರಲ್ಲಿ ಪಾಲು ತೆಗೆದುಕೊಂಡರು.

1955ರಲ್ಲಿ ಸೇಂಟ್ ಪ್ಯಾಂಕ್ರಸ್ ಬರೋ ಅವರಿಗೆ 'ಫ್ರೀಡಂ ಆಫ್ ದ ಬರೋ' ಗೌರವ ಕೊಟ್ಟಿತು. ಅದಕ್ಕೂ ಮುಂಚೆ ಅಲ್ಲಿ ಆ ಗೌರವ ಪಡೆದಿದ್ದವರು ಜಾರ್ಜ್ ಬರ್ನಾರ್ಡ್ ಷಾ, ಅವರೂ ಅದೇ ಬರೋದಲ್ಲಿ ಒಂದು ಕಾಲದಲ್ಲಿ ಸ್ಥಳೀಯ ಸಭೆಯ ಸದಸ್ಯರಾಗಿದ್ದವರು. 1965ರಲ್ಲಿ ಸೇಂಟ್ ಪ್ಯಾಂಕ್ರಸ್, ಹ್ಯಾಂಪ್‌ಸ್ಟೆಡ್, ಹಾಲ್‌ಬರ್ನ್ ಮೂರೂ ಸೇರಿ ಕ್ಯಾಮ್ಡೆನ್ ಬರೋ ಆಯಿತು. 2024ರಲ್ಲಿ ಪ್ರಧಾನಿಯಾದ ಕೀರ್ ಸ್ಟಾರ್ಮರ್, ಅವರೂ ಬ್ಯಾರಿಸ್ಟರೇ, ಗೆದ್ದು ಬಂದ ಕ್ಷೇತ್ರದ ಹೆಸರು ಹಾಲ್‌ಬರ್ನ್ ಮತ್ತು ಸೇಂಟ್ ಪ್ಯಾಂಕ್ರಸ್. ಐಎಲ್ಆರ್ ಅನ್ನು 10 ವರ್ಷಕ್ಕೆ ಒಯ್ಯುವ ಪ್ರಸ್ತಾಪ ಬಂದಿದ್ದು ಅವರ ಸರ್ಕಾರದಿಂದ.

ಇವತ್ತು ರಾಯಚೂರಿನಿಂದ ಓದಲು ಹೋಗಿ ಕ್ಯಾಮ್ಡೆನ್‌ನಲ್ಲಿ ರೂಮು ಹಿಡಿದ ಹುಡುಗಿಯೊಬ್ಬಳು ಇದ್ದಾಳೆ ಅಂದುಕೊಳ್ಳಿ. ಅವಳ ಮುತ್ತಜ್ಜ ನಿಜಾಮರ ಪ್ರಜೆ, 1934ರಲ್ಲಿ ಅವರು ಆ ಬೀದಿಗೇ ಬಂದಿದ್ದರೂ ಮೆನನ್ ಅವರಿಗೆ ಮತ ಹಾಕುವ ಹಕ್ಕು ಇರುತ್ತಿರಲಿಲ್ಲ. ಅವಳಿಗೆ ಇದೆ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಲು ಐದು ನಿಮಿಷ ಸಾಕು, ದುಡ್ಡು ಬೇಡ. ಕೋರ್ಸು ಮುಗಿಸಿ ಕೆಲಸ ಹಿಡಿದು, ಅಲ್ಲೇ ಇದ್ದು, ಒಂದು ದಿನ ಅದೇ ಬರೋದ ಗ್ರಂಥಾಲಯ ಸಮಿತಿಯಲ್ಲಿ ಕೂರಬೇಕು ಅಂತ ಅವಳಿಗೆ ಅನಿಸಿದರೆ, ಎಷ್ಟನೆಯ ವರ್ಷಕ್ಕೆ ನಾಮಪತ್ರ ಹಾಕಬಹುದು ಅನ್ನುವುದನ್ನು ಈಗ ಬ್ರಿಟನ್ನಿನ ಗೃಹ ಇಲಾಖೆಯಾದ ಹೋಮ್ ಆಫೀಸಿನವರು ಲೆಕ್ಕ ಹಾಕುತ್ತಿದ್ದಾರೆ.